ಹೆಗಲು ಮಡಚುವವನು

ಅಂಗಿ ಹೊಲಿಯುವವರಿಗೆ ಮನುಷ್ಯ ಶುರುವಾಗುವುದೇ ಹೆಗಲಿನಿಂದ. ಹೊಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ. ತೋಳು ತುಸು ಉದ್ದವಾದರೆ ಮಡಚಿಕೊಳ್ಳಬಹುದು. ಹೆಗಲು ತಪ್ಪಿದರೆ ಮಾತ್ರ ಅಂಗಿ ಯಾರದೋ ಆಗಿಬಿಡುತ್ತದೆ. ಅದಕ್ಕೇ ನಾನು ಟೇಪು ಹಿಡಿಯುವ ಮೊದಲು ಬೆರಳಿನಿಂದ ಹೆಗಲನ್ನು ಮುಟ್ಟಿ ನೋಡುತ್ತೇನೆ. ಕತ್ತಿನ ಗುಳಿಯ ಪಕ್ಕದಿಂದ ಹೊರಟ ಕೊರಳೆಲುಬು ಸ್ವಲ್ಪ ಮುಂದಕ್ಕೆ ಬಾಗಿ, ಮತ್ತೆ ಹಿಂದಕ್ಕೆ ಬಾಗಿ, ಬೆನ್ನ ಕಡೆಯಿಂದ ಬರುವ ಹಲಗೆಮೂಳೆಯನ್ನು ಹೆಗಲ ತುದಿಯಲ್ಲಿ ಕೂಡುತ್ತದೆ. ಕೂಡುವ ಜಾಗದಲ್ಲಿ ಒಂದು ಸಣ್ಣ ಗಂಟು ಕೈಗೆ ಸಿಗುತ್ತದೆ. ನನ್ನ ಅಳತೆ ಅಲ್ಲಿಂದ.

ಅವನು ಮೊದಲ ಸಲ ಅಂಗಡಿಗೆ ಬಂದು ನಿಂತಾಗ ಆ ಗಂಟು ನನಗೆ ಸಿಗಲಿಲ್ಲ. ಕೊರಳ ಕೆಳಗೆ ಬೆರಳಿಟ್ಟರೆ ಹಿಟ್ಟಿನಲ್ಲಿಟ್ಟ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು. ಟೇಪನ್ನು ಒತ್ತಿದರೆ ಹೆಗಲೇ ಜಾರಿ ಮುಂದಕ್ಕೆ ಸರಿಯಿತು. ಮಗ್ಗುಲು ಬದಲಿಸಿ ನೋಡಿದೆ, ಅಲ್ಲೂ ಅದೇ ಕತೆ. ಅವನು ನನ್ನ ಒದ್ದಾಟ ನೋಡಿ ನಕ್ಕ.

"ಹುಡುಕ್ಬೇಡಿ ಅಕ್ಕ. ಅದು ಅಲ್ಲಿಲ್ಲ."

ಹಾಗೆಂದು ಎರಡೂ ಹೆಗಲನ್ನು ಗಲ್ಲದ ಕೆಳಗೆ ತಂದು, ಪುಸ್ತಕ ಮುಚ್ಚಿದಂತೆ ಒಂದಕ್ಕೊಂದು ತಾಗಿಸಿ ತೋರಿಸಿದ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ನಾನು ನುಂಗುವುದೊಂದು ಬಾಕಿ.

ಅವನನ್ನು ಎಲ್ಲರೂ ಕೊಡೆ ಅಂತಲೇ ಕರೆಯುತ್ತಿದ್ದರು. ಮಡಚಿದರೆ ಸಣ್ಣ, ಬಿಚ್ಚಿದರೆ ಅಗಲ. ಕುಳ್ಳ ಮೈ, ಅಗಲ ಹಣೆ, ಒಂದರ ಮೇಲೊಂದು ಹತ್ತಿಕೊಂಡ ಹಲ್ಲು. ನಮ್ಮ ಅಂಗಡಿಯ ಹಿಂದಿನ ಸಾಲಿನಲ್ಲಿ, ನನ್ನ ಮನೆಗೆ ಗೋಡೆ ಹಂಚಿಕೊಂಡ ಮನೆಗೆ ಅವನೂ ಅವನ ತಾಯಿಯೂ ಬಾಡಿಗೆಗೆ ಬಂದಿದ್ದರು. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದರು. ಮಾತಿನ ಮಲ್ಲಿ. ಮಗನ ಕತೆಯೆಲ್ಲ ನನಗೆ ಹೇಳಿದ್ದು ಅವರೇ.

ಹುಟ್ಟಿದಾಗ ಯಾರಿಗೂ ಏನೂ ತಿಳಿದಿರಲಿಲ್ಲವಂತೆ. ಸ್ನಾನ ಮಾಡಿಸಲು ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಗುವಿನ ಹೆಗಲು ಕಿವಿಯವರೆಗೆ ಬಂದು, ಮೈ ಕೈಯಿಂದ ಜಾರಿ ಹೋಗುತ್ತಿತ್ತು. ನೆತ್ತಿಯ ಮೆತ್ತನೆ ಜಾಗ ನಡೆಯುವ ಕಾಲಕ್ಕೂ ಮುಚ್ಚಿರಲಿಲ್ಲ. ಕೊನೆಗೆ ಆಸ್ಪತ್ರೆಯ ಡಾಕ್ಟರು ಎಕ್ಸರೇ ತೆಗೆಸಿ, ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಕಡೆ ಕೊರಳೆಲುಬು ಇರಬೇಕಾದಲ್ಲಿ ಕತ್ತಲು. ಎದೆಯ ನಡುವಿನ ಮೂಳೆಯ ಪಕ್ಕ ಒಂದೊಂದು ಕಾಳಿನಷ್ಟು ಬಿಳಿ ಚುಕ್ಕೆ, ಅಷ್ಟೇ. ಕೈ ಅನ್ನುವುದು ಮೈಗೆ ಎಲುಬಿನಿಂದ ಸೇರಿಕೊಂಡಿರುವುದು ಈ ಒಂದೇ ಕಡೆ ಎಂದು ಅವರು ಬಿಡಿಸಿ ಹೇಳಿದರಂತೆ. ಬೆನ್ನ ಹಿಂದಿನ ಹಲಗೆಮೂಳೆ ಪಕ್ಕೆಲುಬಿನ ಮೇಲೆ ಕೂತಿದ್ದರೂ ಯಾವ ಪಕ್ಕೆಲುಬಿಗೂ ಅಂಟಿಲ್ಲ. ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ಅದರ ಬಟ್ಟಲಿನಲ್ಲಿ ತೋಳು ತಿರುಗುತ್ತದೆ. ಆ ಹಲಗೆಯನ್ನು ಎದೆಯಿಂದ ದೂರ ತಳ್ಳಿ ನಿಲ್ಲಿಸುವ ಊರುಗೋಲು ಕೊರಳೆಲುಬು. ನಿಮ್ಮ ಮಗನಿಗೆ ಊರುಗೋಲಿಲ್ಲ, ಅದಕ್ಕೆ ಹೆಗಲು ಒಳಕ್ಕೆ ಬೀಳುತ್ತದೆ, ಬದುಕಿಗೇನೂ ತೊಂದರೆಯಿಲ್ಲ, ಭಾರ ಹೊರುವ ಕೆಲಸಕ್ಕೆ ಮಾತ್ರ ಕಳಿಸಬೇಡಿ ಎಂದರು.

"ನಾಲಿಗೆಗೆ ಎಲುಬಿಲ್ಲ ಅಂತ ಕೇಳಿದ್ದೆ. ಹೆಗಲಿಗೂ ಇಲ್ಲದೆ ಇರುತ್ತೆ ಅಂತ ನಂಗೇನು ಗೊತ್ತು" ಎಂದು ಆ ತಾಯಿ ನನ್ನ ಮುಂದೆ ನಗುತ್ತಿದ್ದರು. ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ಶುರುವಾಗುವ ಎಲುಬು ಅದೇ ಎಂದು ಡಾಕ್ಟರು ಹೇಳಿದ್ದು ಅವರ ಮನಸ್ಸಿನಲ್ಲಿ ನಾಟಿತ್ತು. ಬಸುರಿನ ಮೊದಲ ದಿನಗಳಲ್ಲಿ ತಾವು ಒದ್ದೆ ಬಟ್ಟೆಯ ಗಂಟು ಹೊತ್ತಿದ್ದಕ್ಕೇ ಹೀಗಾಯಿತೆಂದು ನಂಬಿಕೊಂಡಿದ್ದರು. ಹಾಗಲ್ಲ, ಇದು ಹುಟ್ಟಿನ ಬೀಜದಲ್ಲೇ ಬರುವಂಥದ್ದು ಎಂದು ಡಾಕ್ಟರು ಎಷ್ಟು ಹೇಳಿದರೂ ಆ ನಂಬಿಕೆ ಹೋಗಲಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಆಕೆ ತೀರಿಕೊಂಡರು.

ಕೊಡೆಗೆ ಕೆಲಸ ಸಿಕ್ಕಿದ್ದು ಆಕಸ್ಮಿಕವಾಗಿ. ಅವನು ಗುಡಿಸುತ್ತಿದ್ದ ಕಟ್ಟಡದಲ್ಲಿ ಪಂಪಿನ ಯಾವುದೋ ಭಾಗ ನೀರಿನ ಸಂಪಿನೊಳಗೆ ಬಿದ್ದುಹೋಯಿತು. ಹಳೆಯ ಕಾಲದ ಸಂಪು. ಬಕೆಟ್ಟು ಇಳಿದರೆ ಸಾಕು ಎಂದುಕೊಂಡು ಕಟ್ಟಿದಂಥ ಬಾಯಿ. ಯಾರ ಹೆಗಲೂ ಇಳಿಯಲಿಲ್ಲ. ಇವನು ಅಂಗಿ ಬಿಚ್ಚಿ, ಹೆಗಲು ಮಡಚಿ, ಇಲಿ ಬಿಲಕ್ಕೆ ಹೋದಂತೆ ಹೋಗಿ ಬಂದ. ಊರಿನಲ್ಲಿ ಅಂಥ ಬಾಯಿಯ ಸಂಪುಗಳಿಗೇನು ಬರವೇ? ಅಲ್ಲಿಂದ ಮುಂದೆ ಅವನಿಗೆ ಕೆಲಸ ಹುಡುಕಿಕೊಂಡು ಬಂತು. ಸಂಪು, ಮಾಳಿಗೆಯ ಟ್ಯಾಂಕು, ಬಾಯ್ಲರು. ಒಳಗಿಳಿದು ಗೋಡೆ ಉಜ್ಜಿ, ತಳದ ಗಸಿ ಬಾಚಿ ಬಕೆಟ್ಟಿಗೆ ತುಂಬುವುದು ಅವನ ಪಾಲು. ತುಂಬಿದ ಬಕೆಟ್ಟನ್ನು ತಲೆಯ ಮೇಲೆತ್ತಿ ಕೊಡುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಮೇಲೆ ನಿಂತು ಹಗ್ಗ ಎಳೆಯಲು ಯಾರಾದರೂ ಬೇಕಿತ್ತು.

ಮುಂದೆ ಅವನ ಹೆಂಡತಿಯಾದವಳು ಆಗ ಕಾಗದದ ಗೋದಾಮಿನಲ್ಲಿ ಹೊರೆ ಹೊರುತ್ತಿದ್ದಳು. ಕಾಗದದ ಕಟ್ಟುಗಳನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವ ಕೆಲಸ. ಅಲ್ಲಿನ ಗಂಡಸರು ಅವಳನ್ನು ಜಟ್ಟಿ ಎನ್ನುತ್ತಿದ್ದರು; ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಗೋದಾಮಿನ ಸಂಪು ತೊಳೆಯಲು ಕೊಡೆ ಹೋದ ದಿನ ಹಗ್ಗ ಎಳೆಯುವವನು ಬಂದಿರಲಿಲ್ಲ. ಇವಳು ಬಂದು ಹಗ್ಗ ಹಿಡಿದಳು. ಎರಡು ಬಕೆಟ್ಟು ಎಳೆದ ಮೇಲೆ, ಮೂರನೆಯದಕ್ಕೆ ಬಕೆಟ್ಟಿನ ಜೊತೆ ಇವನನ್ನೂ ಅರ್ಧ ಎಳೆದುಬಿಟ್ಟಳಂತೆ.

"ಇನ್ನೂ ತುಂಬ್ಸಿಲ್ಲ ಮಾರಾಯ್ತಿ, ಬಿಡು" ಎಂದು ಒಳಗಿನಿಂದ ಇವನು.

"ಇಷ್ಟೇನಾ ನಿನ್ ತೂಕ? ನಾನು ಬಕೆಟ್ಟೇ ಅಂದ್ಕೊಂಡೆ" ಎಂದು ಮೇಲಿನಿಂದ ಅವಳು.

ಮದುವೆಯಾದ ಮೇಲೆ ಇಬ್ಬರೂ ಜೊತೆಗೇ ಕೆಲಸಕ್ಕೆ ಹೋಗತೊಡಗಿದರು. ಅವನು ಒಳಗೆ, ಅವಳು ಮೇಲೆ. ಕೆಲಸದ ಮಧ್ಯೆ ಮಾತು ನಿಲ್ಲುತ್ತಿರಲಿಲ್ಲ. ಸಂಪಿನೊಳಗಿನ ಅವನ ದನಿ ಗುಂಯ್ ಎನ್ನುತ್ತ ಬರುತ್ತಿತ್ತು. ಮಾತು ನಿಂತರೆ ಅವಳು ಹಗ್ಗ ಜಗ್ಗುತ್ತಿದ್ದಳು. ಅವನು ತಿರುಗಿ ಜಗ್ಗಬೇಕು. ಒಮ್ಮೆ ಪಾಚಿಯಲ್ಲಿ ಅವಳು ಕಾಲು ಜಾರಿ ಬಿದ್ದಾಗ, "ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ, ಎಲ್ಲಿ ನೋಡೋಣ" ಎಂದ ಇವನು. "ನಂಗೆ ಮೀಸೇನೇ ಇಲ್ಲ, ಮಣ್ಣಾಗೋ ಮಾತೆಲ್ಲಿ ಬಂತು" ಎಂದಳು ಅವಳು. ಇದನ್ನು ಇಬ್ಬರೂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಂಡು ಹೇಳಿದ್ದರು.

ಅವಳ ಅಂಗಿಯನ್ನೂ ನಾನೇ ಹೊಲಿಯುತ್ತಿದ್ದೆ. ಎಂಥ ಹೆಗಲು ಅಂತೀರಿ. ಹೊರೆ ಹೊತ್ತು ಹೊತ್ತು ಕೊರಳೆಲುಬು ಚರ್ಮದಡಿ ಬಳೆಯಂತೆ ದಪ್ಪಗೆ ಎದ್ದು ಕಾಣುತ್ತಿತ್ತು. ಬೆನ್ನಿನ ಹಲಗೆಗಳು ಅಗಲವಾಗಿ, ನೇರವಾಗಿ. ಅವನ ಅಳತೆ ತೆಗೆದು ಅವಳ ಅಳತೆ ತೆಗೆಯುವಾಗ ನಾನು ಒಮ್ಮೆ ನಕ್ಕುಬಿಟ್ಟೆ. ಅವಳಿಗೆ ತಿಳಿಯಿತು.

"ಇವನ ಪಾಲಿನ ಮೂಳೇನೂ ನಂಗೇ ಕೊಟ್ಟು ಕಳ್ಸಿದ್ದಾನೆ ದೇವ್ರು. ಅದಕ್ಕೇ ಇವನನ್ನ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ" ಎಂದಳು.

ಮಗು ಆಗುವಾಗ ಡಾಕ್ಟರು ಮೊದಲೇ ಹೇಳಿದ್ದರು, ತಂದೆಯ ಹಾಗೆಯೇ ಹುಟ್ಟುವ ಸಾಧ್ಯತೆ ಅರ್ಧಕ್ಕರ್ಧ ಇದೆ ಎಂದು. ಹುಟ್ಟಲಿ ಬಿಡಿ, ಇನ್ನೊಂದು ಕೊಡೆ ಮನೆಯಲ್ಲಿದ್ದರೆ ಭಾರವೇ ಎಂದಳಂತೆ ಅವಳು. ಹುಟ್ಟಿದ್ದು ಹೆಣ್ಣು. ನಾನು ಆಸ್ಪತ್ರೆಗೆ ಹೋದಾಗ ಅವನು ಮಗುವನ್ನು ಮಡಿಲಲ್ಲಿಟ್ಟುಕೊಂಡು, ಕಿರುಬೆರಳಿನಿಂದ ಅದರ ಕೊರಳ ಕೆಳಗೆ ಸವರುತ್ತಿದ್ದ. ಒಂದು ಕಡೆ ಸವರಿ, ಇನ್ನೊಂದು ಕಡೆ ಸವರಿ, ಮತ್ತೆ ಮೊದಲಿನ ಕಡೆಗೆ ಬರುತ್ತಿದ್ದ.

"ಇದೆ ಅಕ್ಕ. ಎರಡೂ ಇದೆ" ಎಂದ. ಅವನ ಕಣ್ಣಲ್ಲಿ ನೀರು ನಿಂತಿತ್ತು. ತನಗಿಲ್ಲದ್ದರ ಬಗ್ಗೆ ಅವನಿಗೆ ಬೇಸರವಿತ್ತು ಎನ್ನುವುದು ನನಗೆ ಗೊತ್ತಾಗಿದ್ದು ಅವತ್ತೇ.

ಮಗಳು ಅಮ್ಮನ ಹೆಗಲ ಮೇಲೇ ಬೆಳೆದಳು. ಅವನ ಹೆಗಲ ಮೇಲೆ ಕೂರಿಸಿದರೆ ಜಾರುತ್ತಿದ್ದಳು. ಅವಳು ಶಾಲೆಗೆ ಸೇರಿದ ಮೇಲೆ, ಅಪ್ಪ ಅಮ್ಮ ಕೆಲಸದಿಂದ ಬರುವುದು ತಡವಾದರೆ ನನ್ನ ಅಂಗಡಿಯಲ್ಲಿ ಚಿಂದಿ ಬಟ್ಟೆಗಳ ನಡುವೆ ಕೂತು ಆಡಿಕೊಳ್ಳುತ್ತಿದ್ದಳು.

ಆ ದಿನವೂ ಅವಳು ನನ್ನಲ್ಲೇ ಇದ್ದಳು. ಶಾಲೆಗೆ ರಜೆ. ಬಹುಕಾಲ ಮುಚ್ಚಿದ್ದ ಒಂದು ಹಾಸ್ಟೆಲನ್ನು ಮತ್ತೆ ತೆರೆಯುವವರಿದ್ದರು. ಗೋಡೆಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಅಂಗಳದ ಸಂಪನ್ನು ತೊಳೆಯಲು ಇವರನ್ನು ಕರೆದಿದ್ದರು. ಅಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಅಲ್ಲಿನ ಪೇಂಟರು ಹೇಳಿದ್ದು, ಕಾವಲುಗಾರ ಹೇಳಿದ್ದು, ಆಮೇಲೆ ಕೊಡೆಯೇ ನೆನಪಿದ್ದಷ್ಟು ಹೇಳಿದ್ದು, ಇವನ್ನು ಸೇರಿಸಿ ಹೇಳುತ್ತಿದ್ದೇನೆ.

ಅವರು ಅಜಾಗರೂಕರಲ್ಲ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಗೆ ಬಿಟ್ಟರು. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡಿದರು. ದೀಪ ಆರಲಿಲ್ಲ. ಕೊಡೆ ಹೆಗಲು ಮಡಚಿ ಇಳಿದ. ಎದೆಗೆ ಹಗ್ಗ ಕಟ್ಟಿತ್ತು. ಸಂಪಿನ ನಡುವೆ ಸೊಂಟದೆತ್ತರದ ಒಂದು ಅಡ್ಡಗೋಡೆ. ಈಚೆ ಭಾಗ ಮುಗಿಸಿ ಆಚೆ ಭಾಗಕ್ಕೆ ದಾಟಿದ. ಅಲ್ಲಿ ಗಸಿ ಮಂಡಿಯವರೆಗೆ ಕೊಳೆತು ಕೂತಿತ್ತು. ಸಲಿಕೆ ಹಾಕಿ ಕಲಕಿದೊಡನೆ ಅದರಡಿಯಲ್ಲಿ ಕಟ್ಟಿಕೊಂಡಿದ್ದ ಕೆಟ್ಟ ಗಾಳಿ ಮೇಲೆದ್ದಿರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂತು, ಆಮೇಲೆ ವಾಸನೆಯೇ ಇಲ್ಲವಾಯಿತು, ಅಷ್ಟೇ ನೆನಪು ಎನ್ನುತ್ತಾನೆ ಅವನು.

ಮಾತು ನಿಂತಿತು. ಅವಳು ಹಗ್ಗ ಜಗ್ಗಿದಳು. ತಿರುಗಿ ಜಗ್ಗು ಬರಲಿಲ್ಲ. ಜೋರಾಗಿ ಎಳೆದಳು, ಹಗ್ಗ ಅಡ್ಡಗೋಡೆಯಿಂದ ಹೊರಚಾಚಿದ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿತ್ತು. ಕೂಗಿ ಕರೆದಳು. ಪೇಂಟರು ಏಣಿಯಿಂದ ಇಳಿದು ಓಡಿ ಬಂದ, ಗೇಟಿನಿಂದ ಕಾವಲುಗಾರ ಬಂದ. ಕಾವಲುಗಾರ ಫೈರ್ ಎಂಜಿನ್ನಿಗೆ ಫೋನು ಮಾಡಿ, ಅವರು ಬರುವವರೆಗೆ ಯಾರೂ ಇಳಿಯಬಾರದು ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ಅಷ್ಟೊತ್ತು ಅವನ ಹತ್ರ ಇಲ್ಲ" ಎಂದಳು ಅವಳು. ಬಕೆಟ್ಟಿನ ಹಗ್ಗವನ್ನು ಬಿಚ್ಚಿ ತನ್ನ ಎದೆಗೆ ಸುತ್ತಿ ಕಟ್ಟಿಕೊಂಡಳು. ಅವನ ಹಗ್ಗದ ತುದಿಯನ್ನು ಪೇಂಟರನ ಕೈಗೆ ಕೊಟ್ಟು, "ಅಣ್ಣ, ನಾನು ಕೂಗಿದಾಗ ಎಳಿ. ಮೊದ್ಲು ಅವನನ್ನ" ಎಂದಳು.

ಆ ಬಾಯಿಯಲ್ಲಿ ಅವಳ ಹೆಗಲು ಇಳಿಯುವಂತಿರಲಿಲ್ಲ. ಇಳಿಸಿದಳು. ಕಾಲು ಹಾಕಿ, ಬಲಗೈಯನ್ನು ಕಿವಿಗೆ ತಾಗುವಂತೆ ಮೇಲೆತ್ತಿದಳಂತೆ. ಕೈ ಎತ್ತಿದರೆ ಬೆನ್ನ ಹಲಗೆ ತಿರುಗುತ್ತದೆ, ಆ ಹೆಗಲು ಮೇಲಕ್ಕೇರಿ ಮೈ ಓರೆಯಾಗುತ್ತದೆ; ಬಟ್ಟೆ ತೊಡಿಸುವಾಗ ದಿನವೂ ನಾನು ನೋಡುವಂಥದ್ದೇ. ಚೌಕ ಬಾಯಿಯ ಮೂಲೆಯಿಂದ ಮೂಲೆಗೆ ಓರೆಯಾಗಿ, ಸಿಮೆಂಟಿನ ಅಂಚಿಗೆ ಚರ್ಮ ಬಿಟ್ಟುಕೊಡುತ್ತ, ಅವಳು ಒಳಗೆ ಜಾರಿದಳು. ಉಸಿರು ಬಿಗಿ ಹಿಡಿದೇ ಇಳಿದಿರಬೇಕು. ಹಗ್ಗ ಬಿಡಿಸುವವರೆಗೆ, ಅವನನ್ನು ಅಡ್ಡಗೋಡೆ ದಾಟಿಸುವವರೆಗೆ, ಬಾಯಿಯ ಕೆಳಗೆ ತರುವವರೆಗೆ ಎಷ್ಟು ಹೊತ್ತು ಹಿಡಿಯಲು ಸಾಧ್ಯ?

"ಎಳಿ" ಎಂದಳು.

ಎಳೆದರು. ಕೆಳಗಿನಿಂದ ಅವಳು ಎತ್ತಿ ಕೊಟ್ಟಳು. ಅವನ ತಲೆ ಬಂತು. ಹೆಗಲೆರಡೂ ತಾವಾಗಿಯೇ ಎದೆಯ ಕಡೆಗೆ ಮಡಚಿಕೊಂಡು, ಒದ್ದೆ ಬಟ್ಟೆ ಬಂದ ಹಾಗೆ ಮೈ ಹೊರಗೆ ಬಂತು. ಕೊನೆಯವರೆಗೂ ಅವನ ಪಾದದಡಿ ಅವಳ ಎರಡು ಅಂಗೈ ಇದ್ದವು ಎಂದು ಪೇಂಟರು ಹೇಳಿದ. ಪಾದ ಹೊರಗೆ ಬಂದ ಮೇಲೆ ಆ ಅಂಗೈಗಳು ಒಂದು ಕ್ಷಣ ಹಾಗೇ ಮೇಲೆತ್ತಿ ನಿಂತಿದ್ದು, ಆಮೇಲೆ ಕಾಣಿಸಲಿಲ್ಲ.

ಬಕೆಟ್ಟಿನ ಹಗ್ಗ ಎಳೆದರು. ಅವಳ ಕೂದಲು ಕಂಡಿತು, ಹಣೆ ಕಂಡಿತು, ಇಡೀ ಮುಖ ಬೆಳಕಿಗೆ ಬಂತು. ಅಲ್ಲಿಗೆ ನಿಂತಿತು. ಪ್ರಜ್ಞೆ ಇಲ್ಲದ ಕೈಗಳೆರಡೂ ಕೆಳಗೆ ಇಳಿಬಿದ್ದಿದ್ದವು. ಹೆಗಲು ಚೌಕಕ್ಕೆ ಅಡ್ಡ ಕೂತಿತ್ತು. ಕೈಯನ್ನು ಮೇಲೆ ತರೋಣವೆಂದರೆ ಪಕ್ಕದಲ್ಲಿ ಬೆರಳು ತೂರಿಸುವಷ್ಟೂ ಜಾಗವಿಲ್ಲ. ಕಾವಲುಗಾರ ಸುತ್ತಿಗೆ ಹುಡುಕಲು ಓಡಿದ. ಪೇಂಟರು ನೆಲದ ಮೇಲೆ ಅಂಗಾತ ಮಲಗಿ, ಎರಡೂ ಪಾದವನ್ನು ಸಂಪಿನ ಕಟ್ಟೆಗೆ ಒತ್ತಿ, ಇದ್ದಬದ್ದ ಬಲವೆಲ್ಲ ಹಾಕಿ ಎಳೆದ. ಒಣ ಕಡ್ಡಿ ಮುರಿದಂತೆ ಒಂದು ಸದ್ದಾಯಿತು. ಎಡ ಹೆಗಲು ಒಳಕ್ಕೆ ಮಡಚಿಕೊಂಡಿತು. ಅವಳು ಹೊರಗೆ ಬಂದಳು.

ಇಬ್ಬರನ್ನೂ ಅಂಗಳದಲ್ಲಿ ಅಕ್ಕಪಕ್ಕ ಮಲಗಿಸಿದರು. ಅವನು ಕೆಮ್ಮಿದ. ಅವಳು ಕೆಮ್ಮಲಿಲ್ಲ.

ಅವನಿಗೆ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೇಳಿದವಳು ನಾನೇ. ಬೇರೆ ಯಾರಿದ್ದರು? ಹೇಗೆ ಹೇಳಿದೆ ಎಂದು ಕೇಳಬೇಡಿ. ಅವನು ಅಳಲಿಲ್ಲ. ಒಂದೇ ಮಾತು ಕೇಳಿದ.

"ಹೊರಗೆ ಹೇಗೆ ಬಂದ್ಳು?"

ಆ ಬಾಯಿಯ ಅಳತೆ ಅವನಿಗೆ ಗೊತ್ತಿತ್ತು, ಅವಳ ಹೆಗಲಿನ ಅಳತೆಯೂ ಗೊತ್ತಿತ್ತು. ಬಾಗಿಲ ಬಳಿ ನಿಂತಿದ್ದ ಪೇಂಟರು, ಮೈಮೇಲಿನ ಬಣ್ಣದ ಕಲೆಗಳ ಸಮೇತ, ಸದ್ದಿಲ್ಲದೆ ಹೊರಟುಹೋದ.

ಮಣ್ಣಿಗೆ ಒಯ್ಯುವ ದಿನ ತಾನೂ ಹೆಗಲು ಕೊಡುತ್ತೇನೆ ಎಂದು ಅವನು ಹಟ ಹಿಡಿದ. ಗೋದಾಮಿನಲ್ಲಿ ಅವಳ ಜೊತೆ ಹೊರೆ ಹೊತ್ತವರೆಲ್ಲ ಬಂದಿದ್ದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಚಟ್ಟದ ಮರದ ಹಿಡಿಯನ್ನು ಅವನ ಹೆಗಲ ಮೇಲಿಟ್ಟರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಗಲು ಒಳಕ್ಕೆ ಬಿತ್ತು, ಹಿಡಿ ಜಾರಿತು. ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಮತ್ತೆ ಇಟ್ಟುಕೊಂಡ. ಮತ್ತೆ ಜಾರಿತು. ಹಿಂದಿನಿಂದ ಯಾರೋ ಬಂದು ಹಿಡಿಯ ಕೆಳಗೆ ತಮ್ಮ ಹೆಗಲು ಕೊಟ್ಟರು. ತಿರುಗಿ ನೋಡಿದರೆ ಅದೇ ಪೇಂಟರು. ಕೊಡೆ ಹಿಡಿಯನ್ನು ಬಿಡಲಿಲ್ಲ. ಭಾರ ಅವನ ಮೇಲಿರಲಿಲ್ಲ, ಆದರೂ ಕೊನೆಯವರೆಗೆ ಅದನ್ನು ಮುಟ್ಟಿಕೊಂಡೇ ನಡೆದ. ನನ್ನ ಕೈ ಹಿಡಿದಿದ್ದ ಮಗಳು, "ಅಪ್ಪಂಗೆ ಆಗಲ್ಲ ಅಂತ ಹೇಳಿ ದೊಡ್ಡಮ್ಮ" ಎನ್ನುತ್ತಲೇ ಇದ್ದಳು.

ಆಮೇಲೆ ಕೆಲವು ವಾರ ಕಳೆದ ಮೇಲೆ ಪೇಂಟರನ ಹೆಂಡತಿ ನನ್ನ ಅಂಗಡಿ ಹುಡುಕಿಕೊಂಡು ಬಂದಳು. ಅವನು ಕುಂಚ ಮುಟ್ಟುತ್ತಿಲ್ಲವಂತೆ. ಊಟಕ್ಕೆ ಕೂತರೆ ಕೈಯನ್ನೇ ನೋಡುತ್ತಿರುತ್ತಾನಂತೆ. ಆ ಸದ್ದು ಕೇಳಿಸುತ್ತದೆ ಎನ್ನುತ್ತಾನಂತೆ. ನಾನು ಇದನ್ನು ಕೊಡೆಗೆ ಹೇಳಬಾರದೆಂದುಕೊಂಡಿದ್ದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿದೆ. ಅವನು ಚಪ್ಪಲಿ ಮೆಟ್ಟಿ ಎದ್ದ. ಜೊತೆಗೆ ನಾನೂ ಹೋದೆ.

ಪೇಂಟರನ ಮನೆಯಲ್ಲಿ ಗೋಡೆಗೊರಗಿಸಿದ ಏಣಿ, ಒಣಗಿ ಬಿರುಕುಬಿಟ್ಟ ಬಣ್ಣದ ಡಬ್ಬ. ಇವನನ್ನು ಕಂಡು ಅವನು ಎದ್ದು ನಿಂತ. ಕೂರಿ ಎನ್ನಲಿಲ್ಲ. ನಿಂತೇ ಹೇಳಿದ.

"ನಾನು ಮುರ್ದೆ. ಈ ಕೈಯಲ್ಲಿ."

ಕೊಡೆ ತಾನೇ ನೆಲದ ಮೇಲೆ ಕೂತ. ಅವನ ಮುಖ ನೋಡಿ ಕೇಳಿದ. "ಎಡಗಡೇದಲ್ವಾ?"

"ಹೂಂ."

"ಅವಳು ಮಲಗ್ತಿದ್ದಿದ್ದು ಆ ಮಗ್ಗುಲಿಗೇ."

ಪೇಂಟರು ಮುಖ ಮುಚ್ಚಿಕೊಂಡ. ಕೊಡೆ ಮೆಲ್ಲಗೆ ಮಾತಾಡಿದ. ಡಾಕ್ಟರನ್ನು ಕೇಳಿದ್ದೇನೆ, ಉಸಿರು ಒಳಗೇ ನಿಂತಿತ್ತು ಅಂದರು, ಎಲುಬು ಮುರಿದದ್ದರಿಂದ ಆದದ್ದೇನೂ ಅಲ್ಲ ಅಂದರು ಎಂದ. ಅದು ನಿಜವೋ, ನಮ್ಮ ಸಮಾಧಾನಕ್ಕೆ ಹೇಳಿದ್ದೋ ತನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂದ. ಆಮೇಲೆ ಅವನ ದನಿ ಒಡೆಯಿತು.

"ನೀನು ಮುರೀದೆ ಇದ್ದಿದ್ರೆ ಅವಳು ಅಲ್ಲೇ ಸಿಕ್ಕೊಂಡಿರ್ತಿದ್ಳು ಅಣ್ಣ. ಮುಖ ಹೊರಗೆ, ಮೈ ಒಳಗೆ. ಅವರು ಬಂದು ಸುತ್ತಿಗೇಲಿ ಒಡ್ದು ಒಡ್ದು ತೆಗೀಬೇಕಿತ್ತು. ನೀನು ಬಿಡ್ಸಿ ಕೊಟ್ಟೆ."

ಪೇಂಟರನ ಹೆಂಡತಿ ಟೀ ತಂದಿಟ್ಟಳು. ಯಾರೂ ಕುಡಿಯಲಿಲ್ಲ. ಇಬ್ಬರು ಗಂಡಸರು ಎದುರೆದುರು ಕೂತು ಮಕ್ಕಳ ಹಾಗೆ ಅತ್ತರು. ಅವಳು ಸತ್ತ ಮೇಲೆ ಕೊಡೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಪೇಂಟರು ಮತ್ತೆ ಕೆಲಸಕ್ಕೆ ಹೋಗತೊಡಗಿದ. ಕೊಡೆಯಿಂದ ಆಗಲಿಲ್ಲ. ಹೊಟ್ಟೆಪಾಡು ಎಂದುಕೊಂಡು ಒಮ್ಮೆ ಹೊರಟಿದ್ದ. ಯಾರದೋ ಸಂಪಿನ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕೂತ. ಹೆಗಲು ಮಡಚಲು ಆಗಲಿಲ್ಲವಂತೆ. ಕೂತಲ್ಲೇ ಕೂತಿದ್ದು ಎದ್ದು ಬಂದ. ಬರುವಾಗ ಹಾಸ್ಟೆಲಿನ ಮುಂದೆ ಹಾದ. ಅವತ್ತಿನ ಎಳೆದಾಟದಲ್ಲಿ ಕಿತ್ತುಹೋಗಿದ್ದ ಸಂಪಿನ ಬಾಯಿಯ ಅಂಚಿಗೆ ಮೇಸ್ತ್ರಿಯೊಬ್ಬ ಸಿಮೆಂಟು ಮೆತ್ತುತ್ತಿದ್ದ. ಹಿಂದಿನಷ್ಟೇ ಸಣ್ಣ ಚೌಕ. ಸ್ವಲ್ಪ ದೊಡ್ಡದು ಮಾಡಬಾರದೇ ಎಂದು ಇವನು ಕೇಳಿದ್ದಕ್ಕೆ, ಹಳೆಯ ಮುಚ್ಚಳ ಗಟ್ಟಿಯಾಗಿಯೇ ಇದೆ, ಅದಕ್ಕೆ ಸರಿಯಾಗಿ ಕಟ್ಟು ಅಂದಿದ್ದಾರೆ ಎಂದನಂತೆ ಆತ. ಇದನ್ನು ನನಗೆ ಹೇಳುವಾಗ ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಸಿ ಮಾರುವ ನರ್ಸರಿಯಲ್ಲಿ ನೀರು ಹಾಕುವ, ಕಳೆ ಕೀಳುವ ಕೆಲಸ ಸಿಕ್ಕಿತು. ಬಗ್ಗಿ ಮಾಡುವ ಕೆಲಸ, ತಲೆಯೆತ್ತುವುದು ಬೇಕಿಲ್ಲ. ಮಗಳು ಶಾಲೆ ಬಿಟ್ಟ ಮೇಲೆ ನನ್ನಲ್ಲೇ ಇರುತ್ತಿದ್ದಳು. ಮೊದಲಿನಂತೆ ಚಿಂದಿಗಳಲ್ಲಿ ಆಡುತ್ತಿರಲಿಲ್ಲ. ಅಳತೆ ನೋಡುವ ಮೂಲೆಯಲ್ಲಿ ಕನ್ನಡಿ ಇದೆ, ಅದಕ್ಕೊಂದು ಪರದೆ. ಆ ಪರದೆಯ ಹಿಂದೆ ಹೋಗಿ ಸುಮ್ಮನಿರುತ್ತಿದ್ದಳು. ಅಳಲು ಒಂದು ಜಾಗ ಬೇಕು ಮಗುವಿಗೆ ಎಂದು ನಾನು ಕೆದಕಲಿಲ್ಲ.

ಒಂದು ಸಂಜೆ ಟೇಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಪರದೆ ಸರಿಸಿದೆ. ಅವಳು ಅಂಗಿ ಕೆಳಗಿಳಿಸಿ, ನನ್ನ ಟೇಪನ್ನು ಎರಡೂ ಹೆಗಲಿಗೆ ಸುತ್ತಿ, ಅದರೊಳಗೆ ಮರದ ಅಡಿಪಟ್ಟಿ ತೂರಿಸಿ ತಿರುವಿ ತಿರುವಿ ಬಿಗಿಯುತ್ತಿದ್ದಳು. ಹೆಗಲು ಮುಂದಮುಂದಕ್ಕೆ ಬರಲೆಂದು. ಚರ್ಮ ಕೆಂಪಗೆ ಗೀರು ಬಿದ್ದಿತ್ತು; ಅದರ ಪಕ್ಕದಲ್ಲಿ ಹಿಂದಿನ ದಿನಗಳ ಕಪ್ಪು ಗೀರುಗಳಿದ್ದವು. ತುಟಿ ಕಚ್ಚಿಕೊಂಡಿದ್ದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ನಾನು ಟೇಪು ಬಿಡಿಸತೊಡಗಿದೆ. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಕೊಡೆ ಬಂದ. ಅವನು ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಣ್ಣು ಮೆತ್ತಿದ ಕೈಯಲ್ಲೇ ಅವಳ ಮುಂದೆ ಮಂಡಿಯೂರಿ ಕೂತ.

"ಯಾಕೆ ಪುಟ್ಟ?"

"ನಂಗೂ ನಿನ್ ಥರ ಆಗ್ಬೇಕು" ಎಂದಳು. "ಅಮ್ಮಂಗೆ ಈ ಮೂಳೆ ಇತ್ತಲ್ಲ, ಅದಕ್ಕೇ ಸಿಕ್ಕೊಂಡ್ಳು."

ಅವನು ಅವಳ ಬೆರಳು ಹಿಡಿದು ಅವಳ ಕೊರಳ ಕೆಳಗೇ ಇಟ್ಟ. ಎಲುಬಿನ ಗುಂಟ ಹೆಗಲ ತುದಿಯವರೆಗೆ ನಿಧಾನವಾಗಿ ಎಳೆದ.

"ಇದು ಇದ್ದಿದ್ದಕ್ಕೇ ಕಣಮ್ಮ ಅವಳು ನನ್ನ ಎತ್ತಿದ್ದು. ತಲೆ ಮೇಲೆ, ಎರಡೂ ಕೈಯಲ್ಲಿ. ನನ್ನಂಥವ್ರಿಗೆ ಹಾಗೆ ಎತ್ತೋಕಾಗಲ್ಲ. ಅವಳೂ ನನ್ ಥರ ಇದ್ದಿದ್ರೆ ನಾನು ಮೇಲೆ ಬರ್ತಾನೇ ಇರ್ಲಿಲ್ಲ."

ಮಗು ಯೋಚಿಸಿತು. ಮಕ್ಕಳು ಯೋಚಿಸುವುದು ಮುಖದ ಮೇಲೆ ಕಾಣುತ್ತದೆ. ನಾನು ಅವಳ ಬಾಯಿ ಮುಚ್ಚಬೇಕಿತ್ತೋ ಏನೋ.

"ಆವಾಗ ಅಮ್ಮ ಹೊರಗೆ ಬರ್ತಿದ್ಳಾ?"

ಅವನು ಇಲ್ಲ ಎನ್ನಬಹುದಿತ್ತು. ಯಾರೂ ಅವನನ್ನು ಸುಳ್ಳ ಎನ್ನುತ್ತಿರಲಿಲ್ಲ.

"ಹೂಂ" ಎಂದ. "ಬರ್ತಿದ್ಳು. ಅವಳು ಬರ್ತಿದ್ಳು."

ಅವಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಇಳಿಸಿದ್ದ ಅಂಗಿಯನ್ನು ತಾನೇ ಮೇಲೆಳೆದುಕೊಂಡು, ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು. ಚೀಲ ತೆಗೆದುಕೊಂಡು, "ಮನೆಗೆ ಹೋಗೋಣ ಬಾ" ಎಂದಳು. ಇಬ್ಬರೂ ಬೀದಿಗಿಳಿದು ಹೋದರು. ಅವನು ಕೈ ಚಾಚಿದ; ಅವಳು ತಿರುವಿನವರೆಗೂ ಹಿಡಿಯಲಿಲ್ಲ. ತಿರುವಿನಲ್ಲಿ ಹಿಡಿದಳೋ ಇಲ್ಲವೋ ನನಗೆ ಕಾಣಿಸಲಿಲ್ಲ.

ಮತ್ತೆಂದೂ ಅವಳ ಮೈಮೇಲೆ ಅಂಥ ಗೀರು ಕಾಣಲಿಲ್ಲ. ಆ ಮಾತನ್ನು ಅಪ್ಪ ಮಗಳು ಮತ್ತೆ ಆಡಿದ್ದನ್ನೂ ನಾನು ಕೇಳಿಲ್ಲ. ಅವಳೀಗ ದೊಡ್ಡ ಶಾಲೆಗೆ ಹೋಗುತ್ತಾಳೆ. ಮಾತು ಕಡಿಮೆ, ಓದು ಪರವಾಗಿಲ್ಲ. ಅಪ್ಪನಿಗೆ ಜ್ವರ ಬಂದರೆ ಶಾಲೆಗೆ ರಜೆ ಹಾಕಿ ಪಕ್ಕದಲ್ಲಿ ಕೂರುತ್ತಾಳೆ, ಹೋಗು ಎಂದರೂ ಹೋಗುವುದಿಲ್ಲ.

ಅವನು ಬೆಳಿಗ್ಗೆ ನರ್ಸರಿಗೆ ಹೋಗುವ ಮೊದಲು, ನಾನು ಅಂಗಡಿ ತೆರೆಯಲು ಬರುವಾಗ ಕೆಲವು ದಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾನೆ. ಏನು ಎಂದರೆ, ಏನಿಲ್ಲ ಸುಮ್ನೆ ಎನ್ನುತ್ತಾನೆ. ನಾನು ಬಾಗಿಲೆತ್ತಿ, ಕಸ ಗುಡಿಸಿ, ಮಷೀನಿಗೆ ಎಣ್ಣೆ ಬಿಡುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬೆಂಚು ಖಾಲಿ ಇರುತ್ತದೆ.